ರಿಕ್ಷಾ ಸಿಗದ ಮಧ್ಯಾಹ್ನ

ಬಾಗಿಲಿನ ಆಚೆಯಿಂದ ಸೊಸೆ ಮತ್ತೊಮ್ಮೆ "ಮಾವ, ಆಯ್ತಾ?" ಎಂದು ಕೇಳಿದಾಗ ದೇವದಾಸರು ಒಂದು ಹನಿಯೂ ಬಾರದೆ ಪ್ಯಾಂಟಿನ ಗುಂಡಿ ಹಾಕಿಕೊಂಡರು. ಸುಮ್ಮನೆ ಫ್ಲಶ್ ಒತ್ತಿ ಹೊರಗೆ ಬಂದು, "ಆಯ್ತು" ಎಂದರು.

ಡೊಂಬಿವಲಿಯ ಆ ಸೋನೋಗ್ರಫಿ ಸೆಂಟರಿನ ಪದ್ಧತಿ ಸರಳ. ಹೊಟ್ಟೆ ತುಂಬ ನೀರು ಕುಡಿಸಿ ಒಮ್ಮೆ ನೋಡುವುದು. ಮೂತ್ರಕ್ಕೆ ಹೋಗಿ ಬಂದ ಮೇಲೆ, ಒಳಗೆ ಎಷ್ಟು ಉಳಿಯಿತೆಂದು ಇನ್ನೊಮ್ಮೆ ನೋಡುವುದು. ಹಿಂದಿನ ವಾರ ತಲೆ ಸುತ್ತಿ ಬಿದ್ದಿದ್ದ ಅಪ್ಪನನ್ನು ಒಬ್ಬರನ್ನೇ ಬಿಡಬೇಡ ಎಂದು ಮಗ ಮನೀಶ್ ಹೆಂಡತಿಗೆ ತಾಕೀತು ಮಾಡಿ ಆಫೀಸಿಗೆ ಹೋಗಿದ್ದ. ಮಾನಸಿ ಬಿಡಲಿಲ್ಲ; ಟಾಯ್ಲೆಟ್ಟಿನ ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಳು. ಹೋಟೆಲಿನ ಗಲ್ಲಾದ ಮೇಲೆ, ಗದ್ದಲದ ನಡುವೆ ಜೀವಮಾನ ಕಳೆದ ದೇವದಾಸರು ಮನೆಯಲ್ಲಿಯೂ, ತಮ್ಮ ಸದ್ದು ಯಾರಿಗೂ ಕೇಳದಿರಲೆಂದು, ಸೊಸೆ ಮಿಕ್ಸಿ ಹಾಕಿದ ಸದ್ದು ಕೇಳಿದ ಮೇಲಷ್ಟೇ ಬಚ್ಚಲಿಗೆ ಹೋಗುವವರು.

ಡಾಕ್ಟರು ಜೆಲ್ ಸವರಿ ನೋಡಿ ಹುಬ್ಬು ಗಂಟಿಕ್ಕಿದರು. ಮೂತ್ರಕೋಶ ಮೊದಲು ತುಂಬಿದ್ದಷ್ಟೇ ಈಗಲೂ ತುಂಬಿದೆ, ಇವತ್ತೇ ಅಡ್ಮಿಟ್ ಮಾಡಿ ಟ್ಯೂಬ್ ಹಾಕಿಸಬೇಕು, ಆಮೇಲೆ ಆಪರೇಷನ್ನೂ ಬೇಕಾದೀತು ಎಂದು ಮಾನಸಿಗೆ ಮರಾಠಿಯಲ್ಲಿ ಹೇಳಿದರು. ದೇವದಾಸರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಒಂದು ಮಾತು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡುತ್ತಾ, "ಅಡ್ಮಿಟ್ ಆಗುವ" ಎಂದರು.

ಮಾನಸಿಯ ಕಣ್ಣು ಅವರ ಪಾದಗಳ ಮೇಲೆ ಬಿತ್ತು. ಮೂತ್ರ ತಡೆದುಕೊಂಡವರಂತೆ ಬೆರಳುಗಳೆಲ್ಲ ಬಿಗಿದು ಮಡಚಿಕೊಂಡಿದ್ದವು. ಏನೂ ರುಬ್ಬಲು ಇಲ್ಲದ ದಿನಗಳಲ್ಲಿ ಮಾವ ಅಡುಗೆಮನೆಯ ಬಾಗಿಲಿಗೆ ಬಂದು, ಇವತ್ತು ಚಟ್ನಿ ಇಲ್ಲವೇ ಎಂದು ಕೇಳುತ್ತಿದ್ದುದು ಅವಳಿಗೆ ಆಗ ನೆನಪಾಯಿತು. ಇನ್ನೊಂದೇ ಸಲ ನೋಡಿಬಿಡಿ ಎಂದು ಡಾಕ್ಟರನ್ನು ಕೇಳಿಕೊಂಡಳು.

"ಮಾವ, ನೀವು ಇನ್ನೊಮ್ಮೆ ಹೋಗಿ ಬನ್ನಿ. ನಾನು ಕೆಳಗೆ ರಿಕ್ಷಾ ನೋಡ್ತೇನೆ. ಈ ಹೊತ್ತಿಗೆ ಸಿಕ್ಕುದು ಕಷ್ಟ, ತಡ ಆಗ್ತದೆ."

ಅವಳ ಚಪ್ಪಲಿ ಬೇಕೆಂದೇ ಪಟಪಟ ಸದ್ದು ಮಾಡುತ್ತಾ ಮೆಟ್ಟಿಲು ಇಳಿಯಿತು. ಟಾಯ್ಲೆಟ್ಟಿನೊಳಗೆ ದೇವದಾಸರು ಆ ಸದ್ದು ಪೂರ್ತಿ ಅಡಗುವವರೆಗೆ ಕಾದರು.

ಈ ಸಲ ಉಳಿದದ್ದು ಸ್ವಲ್ಪವೇ. ವಯಸ್ಸಿಗೆ ಇಷ್ಟು ಸಹಜ, ಮಾತ್ರೆ ಸಾಕು ಎಂದ ಡಾಕ್ಟರು, ತಮ್ಮ ಯಂತ್ರವನ್ನೇ ಒಮ್ಮೆ ಸಂಶಯದಿಂದ ನೋಡಿದರು.

ಕೆಳಗೆ ಫುಟ್‌ಪಾತಿನಲ್ಲಿ ಮಾನಸಿ ಫೈಲು ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ಸ್ಟ್ಯಾಂಡಿನಲ್ಲಿ ಖಾಲಿ ರಿಕ್ಷಾಗಳು ಸಾಲಾಗಿದ್ದವು. ಒಬ್ಬ ಚಾಲಕ ಕಾಲು ಚಾಚಿ ನಿದ್ದೆ ಹೋಗಿದ್ದ.

"ಒಂದೂ ಸಿಗ್ಲಿಲ್ಲ ಮಾವ," ಎಂದಳು.

ದೇವದಾಸರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಸಿಕ್ಕುದಿಲ್ಲ," ಎಂದರು. "ಈ ಊರಲ್ಲಿ ಯಾವಾಗಲೂ ಹೀಗೇ."