ಮಂಡಿಯ ಸದ್ದು

“ಆ ಮಗು ನಿಜವಾಗ್ಲೂ ಆಕೇದೇನಾ?”

ಬ್ರಿಸ್ಬೇನಿನಿಂದ ಸುನೀಲನ ಧ್ವನಿ ಸ್ಪೀಕರಿನಲ್ಲಿ ಕೇಳಿತು. ಪರ್ತ್‌ನ ಕ್ಯಾನಿಂಗ್ಟನ್ನಿನ ಸ್ಟುಡಿಯೋದಲ್ಲಿ ಶರ್ವಾಣಿ ಕಾಫಿ ಕಪ್ಪನ್ನು ಕೆಳಗಿಟ್ಟಳು. ಗಾಜಿನಾಚೆ, ಮೈಕಿನ ಮುಂದೆ, ಮಾಮಾ ಫೋಲಾಕೆ ಮಗುವಿನ ತಲೆಗೆ ಹಳದಿ ವಸ್ತ್ರ ಸುತ್ತುತ್ತಿದ್ದಳು. ರೇಡಿಯೋ ಜಾಹೀರಾತಿನಲ್ಲಿ ತಲೆ ಯಾರಿಗೂ ಕಾಣುವುದಿಲ್ಲ. ಆದರೂ ಸುತ್ತುತ್ತಿದ್ದಳು.

“ಆಕೇದೇ ಸರ್.”

“ಆಕೆ ಮಗ ಅಡಿಲೇಡಲ್ಲಿ ಯೂನಿವರ್ಸಿಟಿಗೆ ಹೋಗ್ತಾನೆ ಅಂದ್ರಿ. ಮಗಳಿಗೆ ಐದು ವರ್ಷಾನಾ?”

“ಲೇಟಾಗಿ ಬಂದ ಮಗು ಸರ್.”

ಸುನೀಲ ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನ ಅಕ್ಕಿ ಕಂಪನಿಯೊಂದರ ಮಾರ್ಕೆಟಿಂಗ್ ಮ್ಯಾನೇಜರ್. ಹೋದ ವರ್ಷ ತಾಯಂದಿರ ದಿನಕ್ಕೆ ಆ ಕಂಪನಿ ನಟಿಯೊಬ್ಬಳಿಗೆ ಬಾಡಿಗೆ ಮಗುವನ್ನು ಕೊಟ್ಟು ‘ನಿಜವಾದ ಅಮ್ಮ’ ಎಂದು ಹೇಳಿಕೊಂಡಿತ್ತು, ಜನ ಉಗಿದಿದ್ದರು. ಈ ಸಲ ಒಂದೇ ಷರತ್ತು: ಅಮ್ಮ ನಿಜವಾಗಿರಬೇಕು, ಮಗು ಅವಳದೇ ಆಗಿರಬೇಕು. ತಪ್ಪಿದರೆ ಜಾಹೀರಾತು ಬೇರೆ ಏಜೆನ್ಸಿಗೆ. ಆಗ ಶರ್ವಾಣಿಯ ನೌಕರಿ ಹೋಗುತ್ತದೆ. ನೌಕರಿಯ ಬೆನ್ನಿಗೇ ವೀಸಾ.

ಮಾಮಾಳನ್ನು ಹುಡುಕಿದ್ದು ಶರ್ವಾಣಿಯೇ. ನೈಜೀರಿಯಾದ ಲಾಗೋಸಿನ ಹೆಂಗಸು; ಮಾಮಾ ಅಂದರೆ ಅವರಲ್ಲಿ ಅಮ್ಮ. ಅವಳ ಬೈಗುಳಕ್ಕೆ ಮನೆ ಬಾಗಿಲಲ್ಲಿ ನಿಂತವರೂ ನಗುತ್ತಿದ್ದರು. ಅದನ್ನೇ ಶರ್ವಾಣಿ ಜಾಹೀರಾತಾಗಿ ಬರೆದಳು. ಬೆಳಿಗ್ಗೆಯಿಂದ ಮಗುವಿಗೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಸಿದ್ದಳು. ಮಗು ಒಂದನ್ನೂ ತಪ್ಪಿರಲಿಲ್ಲ.

“ಹುಷಾರು,” ಎಂದಿದ್ದಳು ಮಾಮಾ. “ಮಕ್ಕಳು ಕಲಿತದ್ದನ್ನು ಬೇಗ ಬಿಡುವುದಿಲ್ಲ.”

ಮಗು ಗಾಜಿನ ಕೋಣೆಯಲ್ಲಿ ಕೆಮ್ಮಿತು. ಬಾಗಿಲು ತೆರೆದಿತ್ತು. “ದಿನೇಶ್, ಅವಳಿಗೆ ನೀರು ಕೊಡಿ,” ಎಂದಳು ಶರ್ವಾಣಿ. ಸೌಂಡ್ ಇಂಜಿನಿಯರ್ ದಿನೇಶ ಬಾಟಲಿ ಎತ್ತುವ ಮೊದಲೇ ಮಗು ಕೈ ಚಾಚಿತ್ತು. ಅವನು ಮಗುವನ್ನು ನೋಡಿದ. ಮಾಮಾಳನ್ನು ನೋಡಿದ. ಶರ್ವಾಣಿಯನ್ನು ನೋಡಿದ.

“ಮೇಡಂ, ನಿಮಗೆ ಓಕೆನಾ?”

“ನನಗೇನು? ರೆಕಾರ್ಡ್ ಮಾಡಿ.”

“ಥ್ಯಾಂಕ್ಯೂ, ಆಂಟಿ,” ಎಂದಿತು ಮಗು ಶರ್ವಾಣಿಯತ್ತ ಬಾಟಲಿ ಎತ್ತಿ.

ದಿನೇಶ ಬಾಗಿಲು ಮುಚ್ಚಿದ. ಅಮ್ಮ ಮನೆಗೆ ಬರುವುದರಿಂದ ಜಾಹೀರಾತು ಶುರು. “ವೆಲ್ಕಮ್, ಮಮ್ಮಿ!” ಮಗುವಿನ ಇಂಗ್ಲಿಷಿನಲ್ಲಿ ಲಾಗೋಸಿನ ರಾಗವಿತ್ತು. ಜೊತೆಗೆ ಮೈಕಿನಲ್ಲಿ ಠಪ್ ಎಂದು ಸದ್ದಾಯಿತು.

“ಏನದು?” ಎಂದ ಸುನೀಲ.

“ಮಂಡಿ,” ಎಂದಳು ಮಾಮಾ ಇಂಗ್ಲಿಷಿನಲ್ಲಿ. “ನಾವು ಯೊರುಬಾ ಜನ. ನಮ್ಮ ಹೆಣ್ಣುಮಕ್ಕಳು ದೊಡ್ಡವರನ್ನು ಮಂಡಿಯೂರಿ ಮಾತಾಡಿಸುತ್ತಾರೆ. ಹೇಳಿಕೊಡದಿದ್ದರೆ ಊರೆಲ್ಲ ತಾಯಿಯನ್ನೇ ಬೈಯುತ್ತದೆ.”

“ಅದನ್ನ ಕಟ್ ಮಾಡ್ಬೇಡಿ!” ಸುನೀಲ ಕೂಗಿದ. “ಇದೆಲ್ಲ ಆಕ್ಟಿಂಗಲ್ಲಿ ಬರಲ್ಲ ಕಣ್ರೀ, ರಕ್ತದಲ್ಲಿ ಬರ್ಬೇಕು. ನನ್ನ ಮಗನಿಗೆ ಅಜ್ಜಿ ಕಾಲಿಗೆ ಬೀಳೋ ಅಂದ್ರೆ ಹೈ-ಫೈವ್ ಕೊಡ್ತಾನೆ.”

ಮತ್ತೆ ಶುರುವಾಯಿತು.

“ಓಟದಲ್ಲಿ ಸೆಕೆಂಡ್ ಬಂದೆಯಾ? ಫಸ್ಟ್ ಬಂದವಳಿಗೆ ಎರಡು ತಲೆ ಇತ್ತಾ?”

“ಇಲ್ಲ ಮಮ್ಮಿ. ಒಂದೇ ತಲೆ. ಆದ್ರೆ ಎರಡು ತಟ್ಟೆ ಜಾಲೋಫ್ ರೈಸ್ ತಿಂದಿದ್ಲು.”

ಸುನೀಲ ನಕ್ಕ. ದಿನೇಶನೂ ನಕ್ಕ. ಶರ್ವಾಣಿ ಮಗುವಿನ ತುಟಿಯನ್ನೇ ನೋಡುತ್ತಿದ್ದಳು.

“ನಿಮಗೆ ಮಕ್ಕಳಿದ್ದಾರಾ, ಶರ್ವಾಣಿ?” ಎಂದ ಸುನೀಲ.

“ಈ ಕೆಲಸದಲ್ಲಿ ಅದಕ್ಕೆಲ್ಲ ಟೈಮ್ ಎಲ್ಲಿದೆ ಸರ್?”

ದಿನೇಶ ಹೆಡ್‌ಫೋನ್ ಹಾಕಿಕೊಂಡ.

“ಕೊನೇದಾಗಿ ಒಂದು ಪ್ರಶ್ನೆ. ಸ್ಕ್ರಿಪ್ಟಲ್ಲಿ ಇಲ್ಲದ್ದು,” ಎಂದ ಸುನೀಲ. ಶರ್ವಾಣಿ ಗಾಜಿನ ಹತ್ತಿರ ಬಂದಳು. ಅವನು ನೇರ ಮಗುವನ್ನೇ ಇಂಗ್ಲಿಷಿನಲ್ಲಿ ಕೇಳಿದ: “ರಾತ್ರಿ ಕೆಟ್ಟ ಕನಸು ಬಿದ್ರೆ ಯಾರನ್ನ ಕರೀತೀಯ, ಪುಟ್ಟಿ?”

ಮಗು ಯೋಚಿಸಲೂ ಇಲ್ಲ. ಮಾಮಾಳ ತೋಳಿಗೆ ಒರಗಿತು.

“ಮಮ್ಮಿನ. ಬೈಕೊಂಡೇ ಬರ್ತಾರೆ. ಆಮೇಲೆ ಪಕ್ಕದಲ್ಲೇ ಮಲಗ್ತಾರೆ.”



“ಸಾರಿ ಶರ್ವಾಣಿ, ಸುಮ್ನೆ ಅನುಮಾನ ಪಟ್ಟೆ. ಅಪ್ರೂವ್ಡ್.”

ನೌಕರಿ ಉಳಿಯಿತು. ಕಾಫಿ ಆರಿತ್ತು.

ಕಾರ್ ಪಾರ್ಕಿನಲ್ಲಿ ಬಿಸಿಲು ಇನ್ನೂ ಇತ್ತು. ಮಾಮಾ ಮಗುವಿನ ತಲೆಯ ವಸ್ತ್ರ ಬಿಚ್ಚಿ ಮಡಚಿದಳು. ಐಸ್‌ಕ್ರೀಮ್ ಡಬ್ಬಿಯೊಂದನ್ನು ಶರ್ವಾಣಿಯ ಕೈಗಿಟ್ಟಳು. ಒಳಗಿದ್ದದ್ದು ಜಾಲೋಫ್, ಟೊಮೇಟೊ ಹಾಕಿದ ಕೆಂಪನ್ನ.

“ರಾತ್ರಿ ಇದನ್ನು ಬಿಸಿ ಮಾಡಿ ಕೊಡು. ಬೇರೆ ಏನು ಕೊಟ್ಟರೂ ತಿನ್ನುವುದಿಲ್ಲ. ನಾಳೆ ಮತ್ತೆ ಕೆಲಸದ ಮೇಲೆ ಅಡಿಲೇಡಿಗಾ?”

“ಹೌದು. ಶುಕ್ರವಾರ ವಾಪಸ್. ಬೆಳಿಗ್ಗೆ ಏರ್‌ಪೋರ್ಟಿಗೆ ಹೋಗ್ತಾ ಇವಳನ್ನ ನಿಮ್ಮನೇಲಿ ಬಿಡ್ತೀನಿ.”

ಮಾಮಾ ತಲೆಯಾಡಿಸಿ ತನ್ನ ಕಾರಿನತ್ತ ನಡೆದಳು. ಮಗು ಅವಳ ಹಿಂದೆ ಓಡಿತು. ಶರ್ವಾಣಿ ಅದರ ಕೈ ಹಿಡಿದು ನಿಲ್ಲಿಸಿ, ಎದುರು ಬಗ್ಗಿದಳು.

“ಪ್ರಣತಿ, ಆಟ ಮುಗೀತು ಪುಟ್ಟಾ. ಇನ್ನು ಆಂಟಿ ಅನ್ನೋದು ಬೇಡ. ಅಮ್ಮ ಅನ್ನು.”

ಮಗಳು ಟಾರಿನ ಮೇಲೆ ಮಂಡಿಯೂರಿದಳು. “ಓಕೆ, ಆಂಟಿ.”