ಕೈಪಟ್ಟಿ ಕಟ್ಟಿಕೊಂಡು ಮಾಡಿದ ಪಾಠ

ಆನ್‌ಲೈನ್ ತರಗತಿ ಶುರುವಾಗುವ ಮುನ್ನ ಎಲ್ಲರೂ ಕೈಪಟ್ಟಿ ಕಟ್ಟಿಕೊಳ್ಳಬೇಕೆಂಬುದು ಶಾಲೆಯ ನಿಯಮ. ಪಾಠ ಮಾಡುವವರಿಗೆ ಅನಿಸಿದ್ದೆಲ್ಲ ಆ ಪಟ್ಟಿಯ ಮೂಲಕ ಮಕ್ಕಳಿಗೂ ಅನಿಸುತ್ತಿತ್ತು. ಗಣಿತದ ಮಾಸ್ತರರು ಹೆಂಡತಿಯೊಂದಿಗೆ ಜಗಳವಾಡಿ ಕೂತ ದಿನ ಇಡೀ ಎಂಟನೇ ತರಗತಿ ಮಧ್ಯಾಹ್ನದವರೆಗೆ ಸಿಡಿಮಿಡಿ ಎನ್ನುತ್ತಿತ್ತು.

ಆರೋಗ್ಯ ಶಿಕ್ಷಣದ ಸುಮಂಗಲಾ ಟೀಚರಿಗೆ ಅಂಥ ತೊಂದರೆ ಇರಲಿಲ್ಲ. ಕೈ ತೊಳೆಯುವುದು, ಹಲ್ಲುಜ್ಜುವುದು, ಸೊಪ್ಪು ತಿನ್ನುವುದು, ಎಲ್ಲವನ್ನೂ ನಗುನಗುತ್ತ ಹೇಳಿಕೊಡುತ್ತಿದ್ದರು. ಮುಟ್ಟಿನ ಪಾಠ ಬಂದಾಗ ಮಾತ್ರ, "ಇದನ್ನ ಮನ್ಯಾಗ ಓದ್ಕೋರಿ" ಎಂದು ಪ್ರತಿವರ್ಷ ದಾಟಿಸಿಬಿಡುತ್ತಿದ್ದರು. ಈ ಸಲ ಹೆಡ್‌ಮಾಸ್ತರರು ಬಿಡಲಿಲ್ಲ.

"ಇದು ಸಹಜ ಕ್ರಿಯೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ" ಎಂದು ಟೀಚರು ಪುಸ್ತಕದಿಂದ ಕಣ್ಣು ಕೀಳದೆ ಓದಿದರು. ತಲೆಯೆತ್ತಿ ನೋಡಿದರೆ ಪರದೆಯ ತುಂಬ ಬಗ್ಗಿದ ತಲೆಗಳು. ಹುಡುಗರೆಲ್ಲ ಕ್ಯಾಮೆರಾ ಬಂದ್ ಮಾಡಿಕೊಂಡಿದ್ದರು.

ಶಿವಲೀಲಾ ಎಂಬ ಹುಡುಗಿಯೊಬ್ಬಳು ಮೈಕ್ ಆನ್ ಮಾಡಿದಳು. "ಟೀಚರ್, ನಾ ಮೊನ್ನೆನ ದೊಡ್ಡಾಕಿ ಆದೆನ್ರಿ. ನಮ್ಮಜ್ಜಿ ಆರತಿ ಮಾಡಿ ಉಂಡಿ ತಿನ್ನಿಸಿದ್ಲು. ಅವಾಗ ಖುಷಿನ ಆಗಿತ್ರಿ. ಈಗ ಯಾಕೋ ಮಾರಿ ಎತ್ತಾಕ ಆಗವಲ್ದು. ಈ ನಾಚಿಕಿ ನಂದೇನ್ರಿ?"

ಸುಮಂಗಲಾ ಟೀಚರಿಗೆ ಕುಳಿತಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು. ಅದೂ ಆ ಕ್ಷಣವೇ ಮಕ್ಕಳನ್ನು ತಲುಪಿತು. ಬಗ್ಗಿದ ತಲೆಗಳು ಇನ್ನಷ್ಟು ಬಗ್ಗಿದವು.

"ಇಲ್ಲವ್ವಾ," ಎಂದರು ಕೊನೆಗೆ. "ಅದು ನಂದು."

"ಹಂಗಾರ ವಾಪಸ್ ತಗೋರಿ, ಟೀಚರ್."