ಇಳಿಜಾರಿನ ಕಾರು

ಇಳಿಜಾರಿನಲ್ಲಿ ಕಾರು ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಂತಿತ್ತು. ಗೋಡೆಗೂ ಕಾರಿಗೂ ನಡುವೆ ಒಂದಾಳಿನ ಜಾಗ. ಗಂಡ ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು, ಮುಂದೆ ಹೋಗಿ ಬಾನೆಟ್ ಎತ್ತಿದ. ಹೆಂಡತಿ ಒಳಗೆ ಕೂತು ಕೀ ತಿರುಗಿಸಿದಳು. ಟಕ್ ಎಂದಿತು, ಅಷ್ಟೇ.

"ಬ್ಯಾಟರಿ ಚೆನ್ನಾಗಿದೆ. ಸ್ಟಾರ್ಟರ್ ಮೋಟಾರೇ ತಿರುಗ್ತಿಲ್ಲ," ಎಂದು ಅವನು ಸ್ಕ್ರೂಡ್ರೈವರ್ ತರಲು ಮನೆಯೊಳಗೆ ಹೋದ.

ತಿರುಗಿ ಬಂದಾಗ ಅವಳು ಇಳಿದು ನಿಂತಿದ್ದಳು.

"ಅಲ್ಲಿ ನಿಲ್ಬೇಡ್ರೀ. ಹ್ಯಾಂಡ್ ಬ್ರೇಕ್ ಸವೆದಿದೆ. ಮೈಮೇಲೆ ಉರುಳಿದ್ರೆ ಏನು ಗತಿ?"

"ಎರಡು ದಿನ ಡ್ರೈವಿಂಗ್ ಕಲಿತು ನಂಗೇ ಪಾಠ ಹೇಳ್ತೀಯಲ್ಲೇ! ಕೀ ಆನ್ ಮಾಡಿ ಆ ಕಡೆ ನಿಂತ್ಕೋ."

ಅವಳು ಕೈ ಚಾಚಿ ಕೀ ಆನ್ ಮಾಡಿದಳು. ಮನಸ್ಸಿನಲ್ಲೇ ದೇವರನ್ನು ನೆನೆದಳು. ಅವನು ಬಗ್ಗಿ ಮೋಟಾರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ನೇರವಾಗಿ ಕರೆಂಟ್ ಕೊಟ್ಟ. ಕಿಡಿ ಹಾರಿತು, ಮೋಟಾರು ತಿರುಗಿತು. ಕಾರು ಮುಂದಕ್ಕೆ ನೆಗೆದು ಅವನನ್ನು ಗೋಡೆಗೆ ಒತ್ತಿತು.

ಎದುರುಮನೆಯ ಮಾದಪ್ಪ ಓಡಿಬಂದು ನಾಲ್ಕು ಜನರಿಂದ ಕಾರನ್ನು ಹಿಂದಕ್ಕೆ ತಳ್ಳಿಸುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

"ಗೇರಲ್ಲಿದ್ರೆ ಮೋಟಾರು ತಿರುಗಿದ ಕೂಡ್ಲೇ ಗಾಡಿ ನೆಗೆಯುತ್ತೆ. ನ್ಯೂಟ್ರಲ್ ಮಾಡಿರ್ಲಿಲ್ವೇನಮ್ಮಾ?"

"ಮಾಡಿದ್ರು. ಅವರ ಮೇಲೆ ಉರುಳದೇ ಇರ್ಲಿ ಅಂತ ನಾನೇ ಫಸ್ಟ್ ಗೇರ್ ಹಾಕ್ದೆ. ಇಳಿಜಾರಲ್ಲಿ ಹಾಗೇ ನಿಲ್ಲಿಸ್ಬೇಕು ಅಂತ ನಿನ್ನೆ ಅವರೇ ಹೇಳಿಕೊಟ್ಟಿದ್ರು."